ಕಡಲ ಚರಿತ್ರೆ ಬರೆದ ಪಣಿಕ್ಕರ್, ಗಡಿಯ ವರದಿಗೂ ಸಹಿ ಹಾಕಿದವರು

ಕಾಸರಗೋಡು: ಗಡಿನಾಡಿನ ಹಿರಿಯರ ಮುಂದೆ ಪಣಿಕ್ಕರ್ ಎಂಬ ಹೆಸರು ಎತ್ತಿದರೆ ಸಾಕು, ಮಾತು ನೇರ 1956ಕ್ಕೆ ಹೋಗಿ ನಿಲ್ಲುತ್ತದೆ. ರಾಜ್ಯ ಪುನರ್ವಿಂಗಡಣಾ ಆಯೋಗದ ಮೂವರು ಸದಸ್ಯರಲ್ಲಿ ಒಬ್ಬರು, ಮಲಯಾಳಿ, ಕಾಸರಗೋಡು ಕೇರಳಕ್ಕೆ ಹೋಗಲು ಕಾರಣರಾದವರು. ಇಲ್ಲಿನವರಿಗೆ ಅವರ ಪರಿಚಯ ಹೆಚ್ಚು ಕಡಿಮೆ ಇಷ್ಟೇ.

ಆದರೆ ನೌಕಾಪಡೆಯವರು ಮತ್ತು ಚರಿತ್ರೆ ಓದುವವರು ಅದೇ ಹೆಸರನ್ನು ಬೇರೆಯೇ ಕಾರಣಕ್ಕೆ ನೆನೆಯುತ್ತಾರೆ. ಭಾರತದ ಚರಿತ್ರೆ ಅಂದರೆ ದಿಲ್ಲಿಯ ಗದ್ದುಗೆ, ಪಾಣಿಪತ್‌ನ ಯುದ್ಧ ಅಂತ ನಂಬಿಕೊಂಡಿದ್ದ ಕಾಲದಲ್ಲಿ, ಕಡಲಿನ ಕಡೆಗೆ ತಿರುಗಿ ನೋಡಿ ಎಂದು ಪುಸ್ತಕದ ಮೇಲೆ ಪುಸ್ತಕ ಬರೆದು ಹೇಳಿದವರು ಸರ್ದಾರ್ ಕೆ.ಎಂ. ಪಣಿಕ್ಕರ್. ದೇಶ ಸ್ವಾತಂತ್ರ್ಯ ಕಳಕೊಂಡದ್ದು ಬೆಟ್ಟದ ಕಣಿವೆಗಳಲ್ಲಿ ಅಲ್ಲ, ಸಮುದ್ರದಲ್ಲಿ ಎಂಬುದು ಅವರ ವಾದದ ತಿರುಳು. ಸಮುದ್ರದ ಚರಿತ್ರೆಯನ್ನು ಸಾಮಾನ್ಯ ಓದುಗರೂ ಓದುವ ಹಾಗೆ ಬರೆದ ಭಾರತೀಯರಲ್ಲಿ ಅವರದು ಮೊದಲ ಸಾಲಿನ ಹೆಸರು.

ಅವರ ಬದುಕು ಮುಗಿದದ್ದು ಎಲ್ಲಿ ಎಂಬುದು ಗಡಿನಾಡಿನ ಹಲವರಿಗೆ ಗೊತ್ತಿಲ್ಲ. ದಿಲ್ಲಿಯಲ್ಲೂ ಅಲ್ಲ, ತಿರುವನಂತಪುರದಲ್ಲೂ ಅಲ್ಲ. ಕನ್ನಡಿಗರ ಮೈಸೂರಿನಲ್ಲಿ.

ನೀರಿನ ನಡುವೆ ಹುಟ್ಟಿದವರು

ಕಾವಾಲಂ ಮಾಧವ ಪಣಿಕ್ಕರ್ ಹುಟ್ಟಿದ್ದು 1895ರ ಜೂನ್ 3ರಂದು, ಆಗಿನ ತಿರುವಾಂಕೂರು ಸಂಸ್ಥಾನದ ಕಾವಾಲಂನಲ್ಲಿ. ಇದು ಇಂದಿನ ಆಲಪ್ಪುಳ ಜಿಲ್ಲೆಯ ಕುಟ್ಟನಾಡಿನ ಊರು. ಕುಟ್ಟನಾಡು ಅಂದರೆ ನೀರಿನದೇ ಲೋಕ. ಅಲ್ಲಿನ ಭತ್ತದ ಗದ್ದೆಗಳು ಸಮುದ್ರ ಮಟ್ಟಕ್ಕಿಂತ ಕೆಳಗೆ ಇವೆ. ಬದು ಕಟ್ಟಿ, ನೀರು ಹೊರಹಾಕಿ ಬೇಸಾಯ ಮಾಡಬೇಕು. ರಸ್ತೆ ಬರುವ ಮೊದಲು ಸಂತೆಗೆ, ಶಾಲೆಗೆ, ಮದುವೆಗೆ ಎಲ್ಲದಕ್ಕೂ ದೋಣಿಯೇ ಆಗಬೇಕಿತ್ತು. ರಂಗಕರ್ಮಿ ಕಾವಾಲಂ ನಾರಾಯಣ ಪಣಿಕ್ಕರ್, ಕವಿ ಅಯ್ಯಪ್ಪ ಪಣಿಕ್ಕರ್ ಕೂಡ ಇದೇ ಊರಿನವರು.

ಮಾಧವ ಪಣಿಕ್ಕರ್ ಓದಿದ್ದು ಕೋಟ್ಟಯಂನಲ್ಲಿ, ನಂತರ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ. ಅಲ್ಲಿಂದ ಇಂಗ್ಲೆಂಡಿಗೆ ಹೋಗಿ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜು ಸೇರಿದರು. ಚರಿತ್ರೆ ಅವರ ವಿಷಯ. ಮೊದಲ ಮಹಾಯುದ್ಧ ನಡೆಯುತ್ತಿದ್ದ ದಿನಗಳವು. ಊರಿಗೆ ಮರಳಿದ ಮೇಲೆ ಅಲಿಗಢದಲ್ಲಿ ಅಧ್ಯಾಪಕರಾದರು.

ಮೇಷ್ಟ್ರ ಕೆಲಸದಲ್ಲಿ ಬಹಳ ಕಾಲ ನಿಲ್ಲಲಿಲ್ಲ. ಅಸಹಕಾರ ಚಳವಳಿಯ ಗಾಳಿ ಬೀಸಿತ್ತು. ಪಂಜಾಬಿನಲ್ಲಿ ಗುರುದ್ವಾರಗಳ ಸುಧಾರಣೆಗಾಗಿ ಅಕಾಲಿಗಳ ಹೋರಾಟ ನಡೆಯುತ್ತಿತ್ತು. 1924ರಲ್ಲಿ ಗಾಂಧೀಜಿಯ ಕಡೆಯಿಂದ ಪಣಿಕ್ಕರ್ ಅಮೃತಸರಕ್ಕೆ ಹೋದರು. ಅದೇ ವರ್ಷ ದಿಲ್ಲಿಯಲ್ಲಿ ಅಕಾಲಿಗಳ ಹಣದಿಂದ ಒಂದು ಇಂಗ್ಲಿಷ್ ಪತ್ರಿಕೆ ಶುರುವಾಯಿತು. ಇಂದಿಗೂ ನಡೆಯುತ್ತಿರುವ ಹಿಂದೂಸ್ತಾನ್ ಟೈಮ್ಸ್ ಅದು. ಅದರ ಆರಂಭದ ದಿನಗಳ ಸಂಪಾದಕರು ಕುಟ್ಟನಾಡಿನ ಈ ಯುವಕ. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ.

ಕಡತಗಳ ಬೆನ್ನು ಹತ್ತಿ

ಪತ್ರಿಕೆ ಬಿಟ್ಟು ಪಣಿಕ್ಕರ್ ಮತ್ತೆ ಲಂಡನ್ನಿಗೆ ಹೋದರು. ಹೋದದ್ದು ವಕೀಲಿಕೆ ಕಲಿಯಲು. ಮಿಡ್ಲ್ ಟೆಂಪಲ್‌ನಲ್ಲಿ ಬ್ಯಾರಿಸ್ಟರ್ ಓದು ನಡೆಯಿತು. ಆದರೆ ಆ ದಿನಗಳಲ್ಲಿ ಅವರನ್ನು ಹಿಡಿದು ಕೂರಿಸಿದ್ದು ಮಲಬಾರ್ ಕರಾವಳಿಯ ಹಳೆಯ ಕಥೆ. ಪೋರ್ಚುಗಲ್ ಮತ್ತು ಹಾಲೆಂಡಿಗೆ ಹೋಗಿ, ನಮ್ಮ ಕರಾವಳಿಗೆ ಬಂದು ಹೋದವರು ಬರೆದಿಟ್ಟ ಕಾಗದಪತ್ರಗಳನ್ನು ನೋಡಿದರು.

ಅದರ ಫಲವಾಗಿ ಎರಡು ಪುಸ್ತಕ ಬಂದವು. 1929ರಲ್ಲಿ ಮಲಬಾರ್ ಮತ್ತು ಪೋರ್ಚುಗೀಸರ ಕುರಿತು, 1931ರಲ್ಲಿ ಮಲಬಾರ್ ಮತ್ತು ಡಚ್ಚರ ಕುರಿತು. ಎರಡೂ ಇಂಗ್ಲಿಷಿನಲ್ಲಿ. ಅದುವರೆಗೆ ಈ ಕಥೆಯನ್ನು ಹೆಚ್ಚಾಗಿ ಹೇಳಿದವರು ಹಡಗಿನಲ್ಲಿ ಬಂದವರ ಕಡೆಯವರು. ವಾಸ್ಕೋ ಡ ಗಾಮ ವೀರ, ಆಲ್ಬುಕರ್ಕ್ ಮಹಾವೀರ ಎಂಬ ಧಾಟಿ. ಪಣಿಕ್ಕರ್ ದಡದಲ್ಲಿ ನಿಂತು ನೋಡಿದರು. ಬಂದವರು ಯಾರು, ಏನು ಮಾಡಿದರು, ಇಲ್ಲಿನ ಅರಸರು ಹೇಗೆ ಎದುರಿಸಿದರು, ಎಲ್ಲಿ ಎಡವಿದರು ಎಂಬುದು ಅವರ ಪ್ರಶ್ನೆ.

ಉತ್ತರ ಸರಳವಾಗಿರಲಿಲ್ಲ. 1498ರ ಮೇ ತಿಂಗಳಲ್ಲಿ ಗಾಮ ಕೋಝಿಕ್ಕೋಡಿನ ಬಳಿ ಬಂದಿಳಿದಾಗ ಈ ಕಡಲು ಯಾರ ಸ್ವತ್ತೂ ಆಗಿರಲಿಲ್ಲ. ಅರಬರು, ಗುಜರಾತಿಗಳು, ಮಾಪಿಳ್ಳೆಗಳು, ಕೋರಮಂಡಲದ ಚೆಟ್ಟಿಗಳು ಮಳೆಗಾಳಿ ನೋಡಿಕೊಂಡು ಬರುತ್ತಿದ್ದರು, ಹೋಗುತ್ತಿದ್ದರು. ಬಂದರಿನ ಅರಸನಿಗೆ ಸುಂಕ ಕೊಟ್ಟರೆ ಆಯಿತು. ನಮ್ಮ ಕುಂಬಳೆಯಂಥ ಬಂದರಿನಿಂದಲೂ ಅಕ್ಕಿ ಮಾಲ್ಡೀವ್ಸ್‌ಗೆ ಹೋಗಿ, ಬದಲಿಗೆ ತೆಂಗಿನ ನಾರು ಬರುತ್ತಿತ್ತು. ಹದಿನಾರನೇ ಶತಮಾನದ ಆರಂಭದಲ್ಲಿ ಬಂದ ಪೋರ್ಚುಗೀಸ ಬಾರ್ಬೋಸ ಇದನ್ನು ಬರೆದಿಟ್ಟಿದ್ದಾನೆ.

ಪೋರ್ಚುಗೀಸರು ಈ ಪದ್ಧತಿಯನ್ನೇ ಮುರಿದರು. ಅವರ ಹಡಗಿನಲ್ಲಿ ಫಿರಂಗಿ ಇತ್ತು. ಕಡಲೇ ನಮ್ಮದು ಎಂದರು. ಯಾವ ಹಡಗು ಹೊರಟರೂ ತಮ್ಮಿಂದ ಕಾರ್ತಾಸ್ ಎಂಬ ರಹದಾರಿ ಪತ್ರ ಪಡೆಯಬೇಕು ಎಂದರು. ಪತ್ರವಿಲ್ಲದ ಹಡಗು ಸಿಕ್ಕಿದರೆ ಸರಕು ಜಪ್ತಿ, ಕೆಲವೊಮ್ಮೆ ಹಡಗೇ ಬೂದಿ. 1509ರಲ್ಲಿ ದಿಯು ಬಳಿ ಈಜಿಪ್ಟ್ ಸುಲ್ತಾನನ ಮತ್ತು ಅವನ ಜೊತೆಗಾರರ ನೌಕಾದಳ ಸೋತಿತು. ಮರುವರ್ಷ ಗೋವೆ, 1511ರಲ್ಲಿ ಮಲಕ್ಕ, 1515ರಲ್ಲಿ ಹೋರ್ಮುಜ್ ಅವರ ಕೈಸೇರಿದವು. ಇಷ್ಟಾದರೂ ಕರಾವಳಿಯಿಂದ ಒಳನಾಡಿಗೆ ಬಂದು ದೊಡ್ಡ ರಾಜ್ಯ ಕಟ್ಟಲು ಅವರಿಂದ ಆಗಲಿಲ್ಲ.

ಎದುರಿಸಿದವರೂ ಇದ್ದರು. ಸಾಮೂದಿರಿಯ ನೌಕಾ ನಾಯಕರಾದ ಕುಂಞಾಲಿ ಮರಕ್ಕಾರರು ಸಣ್ಣ, ವೇಗದ ದೋಣಿಗಳಲ್ಲಿ ಹೊಂಚು ಹಾಕಿ ಪೋರ್ಚುಗೀಸರಿಗೆ ನಿದ್ದೆ ಇಲ್ಲದಂತೆ ಮಾಡಿದರು. ಕೊನೆಗೆ ಸಾಮೂದಿರಿಗೂ ನಾಲ್ಕನೇ ಕುಂಞಾಲಿಗೂ ಮನಸ್ತಾಪವಾಯಿತು. ಸಾಮೂದಿರಿ ಪೋರ್ಚುಗೀಸರ ಜೊತೆಗೇ ಸೇರಿಕೊಂಡ. ಶರಣಾದ ಕುಂಞಾಲಿಯನ್ನು ಗೋವೆಗೆ ಒಯ್ದು 1600ರಲ್ಲಿ ಕೊಂದರು. ಉತ್ತರಕ್ಕೆ ನಮ್ಮ ಉಳ್ಳಾಲದ ರಾಣಿ ಅಬ್ಬಕ್ಕ ಕಾದಾಡಿದ್ದೂ ಇದೇ ಪೋರ್ಚುಗೀಸರ ವಿರುದ್ಧ.

ದಡದ ಹತ್ತಿರ ನಮ್ಮವರು ಬಲಿಷ್ಠರು, ನಡುಗಡಲಲ್ಲಿ ಅಲ್ಲ ಎಂಬ ಸತ್ಯ ಈ ಕಥೆಗಳಲ್ಲೇ ಉಂಟು. ಪಣಿಕ್ಕರ್ ಹಿಡಿದದ್ದು ಈ ಎಳೆಯನ್ನು.

ಮರಳುಗಾಡಿನಲ್ಲಿ ಕಡಲ ಪುಸ್ತಕ

ವಕೀಲಿಕೆ ಅವರ ಹೊಟ್ಟೆಪಾಡಾಗಲಿಲ್ಲ. ದೇಶೀ ಸಂಸ್ಥಾನಗಳ ಅರಸರ ಕೂಟವಾದ ನರೇಂದ್ರ ಮಂಡಲದಲ್ಲಿ ಕಾರ್ಯದರ್ಶಿಯ ಕೆಲಸ ಸಿಕ್ಕಿತು. ನಂತರ ಪಟಿಯಾಲ ಸಂಸ್ಥಾನದ ವಿದೇಶ ಮಂತ್ರಿ, ಆಮೇಲೆ ಬಿಕಾನೇರದ ಮಂತ್ರಿ, 1944ರಲ್ಲಿ ಅಲ್ಲಿನ ಪ್ರಧಾನ ಮಂತ್ರಿ. ರಾಜರ ಚಾಕರಿ ಮಾಡಿದವರು ಎಂಬ ಟೀಕೆಯೂ ಬಂತು. ಆದರೆ ಸ್ವಾತಂತ್ರ್ಯ ಹತ್ತಿರವಾದಾಗ ಬಿಕಾನೇರ ಹಿಂದೆ ಮುಂದೆ ನೋಡಲಿಲ್ಲ. 1947ರ ಏಪ್ರಿಲ್‌ನಲ್ಲೇ ಸಂವಿಧಾನ ಸಭೆಗೆ ಬಂದು ಕುಳಿತ ಮೊದಲ ಸಂಸ್ಥಾನಗಳ ಪ್ರತಿನಿಧಿಗಳಲ್ಲಿ ಪಣಿಕ್ಕರ್ ಒಬ್ಬರು.

ಬಿಕಾನೇರ ಇರುವುದು ಥಾರ್ ಮರಳುಗಾಡಿನಲ್ಲಿ. ಕಣ್ಣು ಹಾಯಿಸಿದಷ್ಟು ದೂರಕ್ಕೂ ಮರಳು. ಅಂಥ ಊರಿನ ಪ್ರಧಾನ ಮಂತ್ರಿಯ ಹೆಸರಿನಲ್ಲಿ 1945ರಲ್ಲಿ ಲಂಡನ್ನಿನಿಂದ ಹೊರಬಂದ ಸಣ್ಣ ಪುಸ್ತಕದ ವಿಷಯ ಮಾತ್ರ ಹಿಂದೂ ಮಹಾಸಾಗರ. ಇಂಡಿಯಾ ಆಂಡ್ ದಿ ಇಂಡಿಯನ್ ಓಷನ್ ಎಂಬುದು ಅದರ ಹೆಸರು.

ಆ ಪುಸ್ತಕಕ್ಕೆ ಹಿನ್ನೆಲೆಯಾಗಿ ಎರಡನೇ ಮಹಾಯುದ್ಧದ ಏಟು ಇತ್ತು. 1941ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಪ್ರಿನ್ಸ್ ಆಫ್ ವೇಲ್ಸ್ ಮತ್ತು ರಿಪಲ್ಸ್ ಎಂಬ ಎರಡು ದೊಡ್ಡ ಯುದ್ಧನೌಕೆಗಳನ್ನು ಜಪಾನಿ ವಿಮಾನಗಳು ಮಲಯಾದ ಬಳಿ ಮುಳುಗಿಸಿದವು. 1942ರ ಫೆಬ್ರವರಿಯಲ್ಲಿ ಸಿಂಗಾಪುರ ಬಿತ್ತು. ಏಪ್ರಿಲ್‌ನಲ್ಲಿ ಕೊಲಂಬೊ, ಟ್ರಿಂಕೋಮಲಿ, ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬ್ ಬಿತ್ತು. ನೂರೈವತ್ತು ವರ್ಷ ಬ್ರಿಟಿಷ್ ನೌಕಾಪಡೆ ಕಾಯುತ್ತಿದ್ದ ಕಡಲು ಕೆಲವೇ ವಾರಗಳಲ್ಲಿ ಬೆತ್ತಲಾಯಿತು. ಸ್ವಾತಂತ್ರ್ಯ ಬಂದ ಮೇಲೆ ಈ ಕಡಲನ್ನು ಕಾಯುವವರು ಯಾರು? ಇಂಥ ಹೊತ್ತಿನಲ್ಲಿ ಈ ಪ್ರಶ್ನೆಯನ್ನು ಪಣಿಕ್ಕರ್ ಜನರ ಮುಂದಿಟ್ಟರು.

ವಾದ ಹೀಗಿದೆ. ಖೈಬರ್ ಕಣಿವೆಯ ಮೂಲಕ ಬಂದವರು ಕೊನೆಗೆ ಇಲ್ಲಿಯವರೇ ಆದರು, ಇಲ್ಲಿಯೇ ಬೆರೆತರು. ಕಡಲ ಮೂಲಕ ಬಂದವರು ಹಾಗಲ್ಲ. ಅವರ ಬೇರು ದೂರದ ದೇಶದಲ್ಲೇ ಇತ್ತು, ಸಂಪತ್ತು ಹಡಗೇರಿ ಹೋಯಿತು. ಕಡಲ ಮೇಲಿನ ಹಿಡಿತ ಇರುವವರೆಗೆ ಭಾರತಕ್ಕೆ ಹೊರಗಿನಿಂದ ಪೂರ್ತಿ ಸೋಲು ಬರಲಿಲ್ಲ, ಅದು ತಪ್ಪಿದ ಮೇಲೆ ಉಳಿದದ್ದೆಲ್ಲ ಹೋಯಿತು. 1025ರ ಸುಮಾರಿಗೆ ರಾಜೇಂದ್ರ ಚೋಳನ ನೌಕೆಗಳು ಶ್ರೀವಿಜಯದವರೆಗೆ ಹೋಗಿದ್ದವು. ಆದರೆ ಮೊಗಲರಂಥ ದೊಡ್ಡ ಸಾಮ್ರಾಜ್ಯದವರು ಕಡಲ ಮೇಲೆ ಬಲ ಕಟ್ಟುವ ಗೋಜಿಗೇ ಹೋಗಲಿಲ್ಲ.

ಅಮೆರಿಕದ ನೌಕಾಧಿಕಾರಿ ಮಹಾನ್ 1890ರಲ್ಲಿ ಕಡಲ ಬಲ ಮತ್ತು ಚರಿತ್ರೆಯ ನಂಟಿನ ಬಗ್ಗೆ ಪುಸ್ತಕ ಬರೆದು ಲೋಕಪ್ರಸಿದ್ಧನಾಗಿದ್ದ. ಪಣಿಕ್ಕರ್ ತಮ್ಮ ಪುಸ್ತಕದ ಉಪಶೀರ್ಷಿಕೆಯಲ್ಲೇ ಆ ನೆನಪು ತರುತ್ತಾರೆ. ಆದರೆ ಮಹಾನ್ ನೋಡಿದ್ದು ಅಟ್ಲಾಂಟಿಕ್‌ನ ಕಡೆಯಿಂದ, ಇವರು ನೋಡಿದ್ದು ಮಲಬಾರಿನ ದಡದಿಂದ. ಸಿಂಗಾಪುರ, ಸಿಲೋನ್, ಮಾರಿಷಸ್, ಸೊಕೋತ್ರ, ಏಡನ್ ಮುಂತಾದ ಕಡೆ ನೆಲೆಗಳಿದ್ದರೆ ಮಾತ್ರ ಭಾರತದ ಸುತ್ತ ಉಕ್ಕಿನ ಬಳೆ ತೊಡಿಸಿದಂತಾಗುತ್ತದೆ ಎಂಬ ಲೆಕ್ಕಾಚಾರವೂ ಅದರಲ್ಲಿ ಉಂಟು.

ಪುಸ್ತಕ ದೊಡ್ಡದಲ್ಲ. ಭಾಷೆ ಕಠಿಣವಲ್ಲ. ಅದಕ್ಕಾಗಿಯೇ ಪಂಡಿತರನ್ನು ದಾಟಿ ಮಂತ್ರಿಗಳು, ಪತ್ರಕರ್ತರು, ನೌಕಾಪಡೆಯ ಹೊಸ ಅಧಿಕಾರಿಗಳವರೆಗೂ ಅದು ತಲುಪಿತು. ಭಾರತದ ಕಡಲ ಚಿಂತನೆಯ ಮಾತು ಬಂದಾಗ ಇಂದಿಗೂ ಮೊದಲು ಹೆಸರಿಸುವ ಪುಸ್ತಕಗಳಲ್ಲಿ ಅದು ಒಂದು.

ನಡುರಾತ್ರಿಯ ಕರೆ

ಸ್ವಾತಂತ್ರ್ಯಾನಂತರ ನೆಹರೂ ಈ ಚರಿತ್ರೆಕಾರನನ್ನು ರಾಯಭಾರಿ ಮಾಡಿ 1948ರಲ್ಲಿ ಚೀನಾಕ್ಕೆ ಕಳಿಸಿದರು. ಹೋದಾಗ ಅಲ್ಲಿ ಚಿಯಾಂಗ್ ಕೈ ಶೆಕ್ ಸರ್ಕಾರ. 1949ರಲ್ಲಿ ಅದು ಬಿದ್ದು ಮಾವೋ ಸರ್ಕಾರ ಬಂತು. 1950ರಲ್ಲಿ ಹೊಸ ಸರ್ಕಾರಕ್ಕೂ ಪಣಿಕ್ಕರ್ ಅವರೇ ರಾಯಭಾರಿಯಾದರು.

ಆ ವರ್ಷದ ಅಕ್ಟೋಬರ್ ಆರಂಭದಲ್ಲಿ ಒಂದು ನಡುರಾತ್ರಿ ಪ್ರಧಾನಿ ಝೌ ಎನ್‌ಲಾಯ್ ಅವರನ್ನು ಕರೆಸಿಕೊಂಡರು. ಕೊರಿಯಾದಲ್ಲಿ ಅಮೆರಿಕದ ಸೇನೆ 38ನೇ ಅಕ್ಷಾಂಶ ರೇಖೆ ದಾಟಿದರೆ ಚೀನಾ ಸುಮ್ಮನಿರುವುದಿಲ್ಲ ಎಂಬ ಎಚ್ಚರಿಕೆ ಕೊಟ್ಟರು. ಪಣಿಕ್ಕರ್ ಅದನ್ನು ದಿಲ್ಲಿಗೆ ಮುಟ್ಟಿಸಿದರು, ದಿಲ್ಲಿ ಪಾಶ್ಚಾತ್ಯರಿಗೆ ಮುಟ್ಟಿಸಿತು. ಅಮೆರಿಕ ನಂಬಲಿಲ್ಲ. ಕೆಲವೇ ವಾರಗಳಲ್ಲಿ ಚೀನೀ ಸೈನ್ಯ ಯುದ್ಧಕ್ಕೆ ಇಳಿಯಿತು. ಸುದ್ದಿ ನಿಜವಾಗಿತ್ತು.

ಆದರೆ ಅದೇ ವರ್ಷ ಚೀನಾ ಟಿಬೆಟ್‌ಗೆ ಸೈನ್ಯ ನುಗ್ಗಿಸಿದಾಗ ಪಣಿಕ್ಕರ್ ಮೆದುವಾಗಿ ನಡೆದುಕೊಂಡರು ಎಂಬ ಆರೋಪ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಕಡಲ ಕಡೆ ಅಷ್ಟು ದೂರ ನೋಡಿದವರು ಹಿಮಾಲಯದ ಆಚೆ ಯಾಕೆ ನೋಡಲಿಲ್ಲ ಎಂದು ಕೇಳುವವರು ಈಗಲೂ ಇದ್ದಾರೆ. ಚೀನಾದ ಅನುಭವ 1955ರಲ್ಲಿ ಪುಸ್ತಕವಾಯಿತು.

ಚೀನಾದಿಂದ ಈಜಿಪ್ಟ್‌ಗೆ ಹೋದರು. 1953ರಲ್ಲಿ ಅವರ ಅತಿ ಪ್ರಸಿದ್ಧ ಪುಸ್ತಕ ಹೊರಬಂತು. ಏಷ್ಯಾ ಮತ್ತು ಪಾಶ್ಚಾತ್ಯರ ಪ್ರಾಬಲ್ಯ ಎಂಬುದು ಅದರ ವಸ್ತು. 1498ರಲ್ಲಿ ಗಾಮ ಬಂದದ್ದರಿಂದ ಹಿಡಿದು 1945ರವರೆಗಿನ ಸುಮಾರು ನಾಲ್ಕೂವರೆ ಶತಮಾನವನ್ನು ಒಂದೇ ಯುಗ ಎಂದು ಕರೆದು, ಅದಕ್ಕೆ ವಾಸ್ಕೋ ಡ ಗಾಮ ಯುಗ ಎಂಬ ಹೆಸರಿಟ್ಟರು. ಕಡಲ ಮೇಲಿನ ಹಿಡಿತದಿಂದ ಶುರುವಾದ ಯುಗ ಆ ಹಿಡಿತ ಸಡಿಲಿದಾಗ ಮುಗಿಯಿತು ಎಂಬುದು ಸಾರಾಂಶ. ಸಾಮ್ರಾಜ್ಯಗಳು ಕಳಚಿಬೀಳುತ್ತಿದ್ದ ಹೊತ್ತಿನಲ್ಲಿ ಏಷ್ಯಾದವನೊಬ್ಬ ಹೀಗೆ ಲೆಕ್ಕ ಒಪ್ಪಿಸಿದ್ದು ದೊಡ್ಡ ಸುದ್ದಿಯಾಯಿತು. ಕ್ರೈಸ್ತ ಮಿಷನರಿಗಳ ಬಗ್ಗೆ ಬರೆದದ್ದಕ್ಕೆ ಗಲಾಟೆಯೂ ಆಯಿತು.

ನಂತರದ ಚರಿತ್ರೆಕಾರರು ಎಲ್ಲವನ್ನೂ ಒಪ್ಪಲಿಲ್ಲ. ಆಶಿನ್ ದಾಸ್‌ಗುಪ್ತ, ಮೈಕೇಲ್ ಪಿಯರ್ಸನ್ ಮೊದಲಾದವರು ಬಂದರುಗಳ ವ್ಯಾಪಾರದ ಲೆಕ್ಕವನ್ನೇ ಬಿಡಿಸಿ ನೋಡಿದರು. ಪೋರ್ಚುಗೀಸರು ಬಂದ ಮೇಲೂ ನಮ್ಮ ವರ್ತಕರು ಬಹುಕಾಲ ಗಟ್ಟಿಯಾಗಿಯೇ ಇದ್ದರು, ಗಾಮನಿಗೆ ಅಷ್ಟು ದೊಡ್ಡ ಪಟ್ಟ ಕಟ್ಟಬೇಕಿಲ್ಲ ಎಂಬ ಕಡೆಗೆ ಈ ಸಂಶೋಧನೆ ಹೊರಳಿತು. ಆದರೆ ಮಾತಾಡಬೇಕಾದರೂ ಜಗಳವಾಡಬೇಕಾದರೂ ಪಣಿಕ್ಕರ್ ಅವರಿಂದಲೇ ಶುರು ಮಾಡಬೇಕು ಎಂಬಷ್ಟು ಅವರ ಹೆಸರು ನಿಂತಿತು.

ಇಷ್ಟರ ನಡುವೆ ಮಲಯಾಳದಲ್ಲೂ ಬರೆದರು. ಕವಿತೆ, ನಾಟಕ, ಕಾದಂಬರಿ, ಆತ್ಮಕಥೆ ಎಲ್ಲ ಉಂಟು. ವಯನಾಡಿನ ಕಾಡಿನಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಪಳಶ್ಶಿ ರಾಜನ ಕಥೆ ಹೇಳುವ ಕೇರಳಸಿಂಹಂ ಅವರ ಹೆಸರಾಂತ ಕಾದಂಬರಿ. 1956ರಲ್ಲಿ ಕೇರಳ ಸಾಹಿತ್ಯ ಅಕಾಡೆಮಿ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷರೂ ಅವರೇ.

ಮೂವರ ಆಯೋಗ

ಇನ್ನು ಗಡಿನಾಡು ಮರೆಯಲಾರದ ಅಧ್ಯಾಯ. ಆಂಧ್ರ ರಾಜ್ಯ ಹುಟ್ಟಿದ ಮೇಲೆ ಭಾಷೆಯ ಆಧಾರದಲ್ಲಿ ರಾಜ್ಯಗಳಾಗಬೇಕು ಎಂಬ ಕೂಗು ಎಲ್ಲ ಕಡೆ ಎದ್ದಿತು. 1953ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಮೂವರ ಆಯೋಗ ರಚಿಸಿತು. ಫಜಲ್ ಆಲಿ ಅಧ್ಯಕ್ಷರು, ಹೃದಯನಾಥ ಕುಂಜ್ರು ಮತ್ತು ಪಣಿಕ್ಕರ್ ಸದಸ್ಯರು. ಆಯೋಗಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮನವಿ, ಪತ್ರಗಳು ಬಂದವು. ಸದಸ್ಯರು 38,000 ಮೈಲಿಯಷ್ಟು ತಿರುಗಿದರು, 9,000ಕ್ಕೂ ಹೆಚ್ಚು ಜನರ ಮಾತು ಕೇಳಿದರು. 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟರು.

ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಬೇಕು ಎಂದು ವರದಿ ಹೇಳಿತು. ಜನಗಣತಿಯಲ್ಲಿ ಮಲಯಾಳ ಮಾತನಾಡುವವರೇ ಹೆಚ್ಚು ಎಂಬುದು ಮುಖ್ಯ ಆಧಾರ. ತಾಲೂಕನ್ನು ಇಡಿಯಾಗಿ ಲೆಕ್ಕ ಹಾಕಿದ್ದೇ ತಪ್ಪು ಎಂಬುದು ಕನ್ನಡಿಗರ ತಕರಾರು. ಚಂದ್ರಗಿರಿ ಹೊಳೆಯ ತೆಂಕು ಬೇರೆ, ಬಡಗು ಬೇರೆ. ಬಡಗಿನಲ್ಲಿ ಮನೆಮಾತು ತುಳು ಇರಲಿ, ಕೊಂಕಣಿ ಇರಲಿ, ಮರಾಠಿ ಇರಲಿ, ಶಾಲೆಯ ಮಾತು, ಕಚೇರಿಯ ಮಾತು, ಯಕ್ಷಗಾನದ ಮಾತು ಕನ್ನಡವೇ ಆಗಿತ್ತು. ಗಣತಿಯ ಕಾಲಂನಲ್ಲಿ ಅದು ಕಾಣಲಿಲ್ಲ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. ಕವಿ ಕಯ್ಯಾರ ಕಿಞ್ಞಣ್ಣ ರೈಯವರಂಥವರು ಜೀವಮಾನವಿಡೀ ಅದರ ವಿರುದ್ಧ ದನಿ ಎತ್ತಿದರು. ಆಯೋಗದಲ್ಲಿ ಮಲಯಾಳಿ ಸದಸ್ಯರಿದ್ದದ್ದೇ ಇದಕ್ಕೆ ಕಾರಣ ಎಂಬ ಮಾತು ಅಂದಿನಿಂದ ಇಂದಿನವರೆಗೆ ಗಡಿನಾಡಿನಲ್ಲಿ ಹರಿದು ಬಂದಿದೆ.

ದಾಖಲೆಯಲ್ಲಿ ಇರುವುದನ್ನೂ ಹೇಳಬೇಕು. ಕಾಸರಗೋಡಿನ ಶಿಫಾರಸು ಆಯೋಗದ ಒಟ್ಟು ಶಿಫಾರಸು, ಒಬ್ಬರದಲ್ಲ. ಒಪ್ಪಿಗೆ ಇಲ್ಲದ ಕಡೆ ಸದಸ್ಯರು ಬೇರೆ ಟಿಪ್ಪಣಿ ಬರೆದದ್ದುಂಟು. ಉತ್ತರ ಪ್ರದೇಶ ಅತಿ ದೊಡ್ಡದು, ಅದನ್ನು ಒಡೆಯಬೇಕು ಎಂದು ಪಣಿಕ್ಕರ್ ಪ್ರತ್ಯೇಕ ಟಿಪ್ಪಣಿ ಬರೆದರು. ಅದೇ ವರದಿ ತಿರುವಾಂಕೂರಿನ ತೆಂಕಣ ತಮಿಳು ತಾಲೂಕುಗಳನ್ನು ಮದರಾಸಿಗೆ ಕೊಡಿ ಎಂದಿತು. ಅಂದರೆ ಪಣಿಕ್ಕರ್ ಹುಟ್ಟಿದ ಸಂಸ್ಥಾನವೇ ನೆಲ ಕಳಕೊಂಡಿತು. ಡಚ್ಚರನ್ನು 1741ರಲ್ಲಿ ಮಾರ್ತಾಂಡವರ್ಮ ಸೋಲಿಸಿದ ಕೊಳಚ್ಚಲ್, ಯಾವುದರ ಬಗ್ಗೆ ಪಣಿಕ್ಕರ್ ಪುಸ್ತಕವನ್ನೇ ಬರೆದಿದ್ದರೋ ಆ ಡಚ್ ಕಥೆಯ ಮುಖ್ಯ ಜಾಗ, ಇಂದು ತಮಿಳುನಾಡಿನಲ್ಲಿದೆ.

ಬಳ್ಳಾರಿಯ ಕಥೆಯೂ ಇಲ್ಲಿ ನೆನಪಾಗಬೇಕು. ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲೂಕುಗಳನ್ನು ಆಂಧ್ರಕ್ಕೆ ಕೊಡಬೇಕು ಎಂದು ಇದೇ ಆಯೋಗ ಹೇಳಿತ್ತು. ಗದ್ದಲವಾಯಿತು, ದಿಲ್ಲಿ ಅದನ್ನು ಒಪ್ಪಲಿಲ್ಲ, ಬಳ್ಳಾರಿ ಉಳಿಯಿತು. ಕಾಸರಗೋಡಿಗೆ ಮಾತ್ರ ಆ ಅದೃಷ್ಟ ಬರಲಿಲ್ಲ. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿಯ ಬಡಗಿನ ಭಾಗ ಮೈಸೂರಿಗೆ ಸೇರಲಿ ಎಂದಿತು. ಅದು ಜಾರಿಯಾಗಲೇ ಇಲ್ಲ. ತಪ್ಪು ಆಯೋಗದ ಮೇಜಿನಲ್ಲಿ ಮಾತ್ರ ಆಗಿದ್ದರೆ ತಿದ್ದಲು ಸಂಸತ್ತಿತ್ತು. ಎಲ್ಲ ಭಾರವನ್ನೂ ಒಬ್ಬರ ಹೆಗಲಿಗೆ ಹಾಕಿದರೆ ಉಳಿದವರು ಸುಲಭವಾಗಿ ಪಾರಾಗುತ್ತಾರೆ.

ಇನ್ನೊಂದು ವಿಷಯ. ಗಡಿ ಎಲ್ಲಿ ಎಳೆದರೂ ಎರಡೂ ಕಡೆ ಭಾಷಾ ಅಲ್ಪಸಂಖ್ಯಾತರು ಉಳಿದೇ ಉಳಿಯುತ್ತಾರೆ ಎಂದು ಅರಿತ ಆಯೋಗ, ಅವರ ಮಕ್ಕಳಿಗೆ ತಾಯ್ನುಡಿಯಲ್ಲಿ ಪ್ರಾಥಮಿಕ ಶಿಕ್ಷಣ ಸಿಗಬೇಕು ಎಂದೂ ಹೇಳಿತ್ತು. 1956ರಲ್ಲೇ ಸಂವಿಧಾನಕ್ಕೆ ತಿದ್ದುಪಡಿಯಾಗಿ 350ಎ ಮತ್ತು 350ಬಿ ವಿಧಿಗಳು ಸೇರಿದವು. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಪ್ರತಿಭಟನೆಗೆ ಇಳಿದರು. ಅಲ್ಪಸಂಖ್ಯಾತರ ಹಕ್ಕಿನ ಇಂಥ ಮಾತು ಬಂದಾಗಲೆಲ್ಲ ಆಧಾರಕ್ಕೆ ಬರುವ ವಿಧಿಗಳ ಹುಟ್ಟು ಇದೇ ಮೂವರ ವರದಿಯ ಜಾಡಿನಲ್ಲಿದೆ. ಗಾಯ ಮಾಡಿದ ವರದಿಯಲ್ಲೇ ಒಂದಿಷ್ಟು ಮದ್ದೂ ಇತ್ತು ಎಂದು ಹೇಳಬಹುದು. ಮದ್ದನ್ನು ಸರಿಯಾಗಿ ಕೊಟ್ಟರೋ ಇಲ್ಲವೋ ಎಂಬುದು ಬೇರೆ ಮಾತು.

ಕೊನೆಗೆ ಮೈಸೂರು

1956ರಲ್ಲಿ ಪಣಿಕ್ಕರ್ ಫ್ರಾನ್ಸ್‌ಗೆ ರಾಯಭಾರಿಯಾಗಿ ಹೋದರು. ಅಲ್ಲಿ ಪಾರ್ಶ್ವವಾಯು ಬಡಿಯಿತು. ಊರಿಗೆ ಮರಳಿದರು. ಸ್ವಲ್ಪ ಕಾಲ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದರು. 1960ರಲ್ಲಿ ಕೇರಳದ ಚರಿತ್ರೆಯನ್ನು 1498ರಿಂದ 1801ರವರೆಗೆ ಒಂದೇ ಸಂಪುಟದಲ್ಲಿ ತಂದರು. ಮೂವತ್ತು ವರ್ಷದ ಹಿಂದೆ ಪೋರ್ಚುಗೀಸರು, ಡಚ್ಚರು ಎಂದು ಬೇರೆ ಬೇರೆ ಬರೆದದ್ದನ್ನು ಕೊನೆಗಾಲದಲ್ಲಿ ಒಂದುಗೂಡಿಸಿದಂತಾಯಿತು. ನಂತರ ಕಾಶ್ಮೀರದಲ್ಲಿ ಕುಲಪತಿಯಾದರು.

ಅಲ್ಲಿಂದ ಬಂದದ್ದು ಮೈಸೂರು ವಿಶ್ವವಿದ್ಯಾನಿಲಯಕ್ಕೆ. ಕೆಲವೇ ವರ್ಷಗಳ ಹಿಂದೆ ಕುವೆಂಪು ಕೂತು ಎದ್ದ ಕುಲಪತಿಯ ಕುರ್ಚಿ ಅದು. ಆಗ ಮಂಗಳೂರಿಗೆ ಬೇರೆ ವಿಶ್ವವಿದ್ಯಾನಿಲಯ ಇರಲಿಲ್ಲ, ಅಲ್ಲಿನ ಕಾಲೇಜುಗಳೂ ಮೈಸೂರಿನ ವ್ಯಾಪ್ತಿಯಲ್ಲೇ ಇದ್ದವು. ಕಾಸರಗೋಡಿನ ಕನ್ನಡ ಮಕ್ಕಳು ರೈಲು ಹತ್ತಿ ಮಂಗಳೂರಿಗೆ ಹೋಗಿ ಓದುತ್ತಿದ್ದ ಕಾಲ. ತಮ್ಮ ತಾಲೂಕು ಯಾವ ರಾಜ್ಯಕ್ಕೆ ಎಂದು ಬರೆದ ಕೈಯೇ ತಮ್ಮ ವಿಶ್ವವಿದ್ಯಾನಿಲಯದ ಚುಕ್ಕಾಣಿ ಹಿಡಿದದ್ದು ಆ ಮಕ್ಕಳಲ್ಲಿ ಎಷ್ಟು ಮಂದಿಯ ಗಮನಕ್ಕೆ ಬಂದಿತ್ತೋ.

ಬಹಳ ದಿನ ಅವರು ಅಲ್ಲಿರಲಿಲ್ಲ. 1963ರ ಡಿಸೆಂಬರ್‌ನಲ್ಲಿ, ಕುಲಪತಿಯಾಗಿರುವಾಗಲೇ, ಮೈಸೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 68 ವರ್ಷ. ಅವರ ಆತ್ಮಕಥೆ 1977ರಲ್ಲಿ ಇಂಗ್ಲಿಷಿಗೆ ಬಂತು.

ಅವರು ಬಯಸಿದ ಕಡಲ ಎಚ್ಚರ ದೇಶಕ್ಕೆ ನಿಧಾನವಾಗಿ ಬಂತು. ಕಾಸರಗೋಡು ಜಿಲ್ಲೆಯ ತೆಂಕು ಗಡಿ ದಾಟಿದರೆ ಸಿಗುವ ಏಳಿಮಲೆಯಲ್ಲಿ 2009ರ ಜನವರಿಯಲ್ಲಿ ಭಾರತೀಯ ನೌಕಾ ಅಕಾಡೆಮಿ ಉದ್ಘಾಟನೆಯಾಯಿತು. ಗಾಮನ ಹಡಗುಗಳು ಬಂದದ್ದು ಇದೇ ಕರಾವಳಿಗೆ. ನೌಕಾಪಡೆಯ ಅಧಿಕಾರಿಗಳು ಈಗ ತರಬೇತಿಯಾಗುವುದೂ ಇದೇ ಕರಾವಳಿಯಲ್ಲಿ.

ಒಳನಾಡಿನಲ್ಲಿ ಕೂತು ಆಳುವವರಿಗೆ ಅಂಚಿನ ಜಾಗದ ಬೆಲೆ ಗೊತ್ತಾಗುವುದಿಲ್ಲ, ಗೊತ್ತಾಗುವಾಗ ಹೊತ್ತು ಮೀರಿರುತ್ತದೆ. ಪಣಿಕ್ಕರ್ ತಮ್ಮ ಕಡಲ ಪುಸ್ತಕಗಳಲ್ಲಿ ಮೊಗಲರ ಮೇಲೆ, ದಿಲ್ಲಿಯ ಮೇಲೆ ಹೊರಿಸಿದ ದೂರು ಇದೇ. ಕಾಸರಗೋಡಿನ ಕನ್ನಡಿಗರು ದಿಲ್ಲಿ, ತಿರುವನಂತಪುರ, ಬೆಂಗಳೂರು ಮೂರರ ಮೇಲೂ ಹೊರಿಸುತ್ತ ಬಂದ ದೂರೂ ಬೇರೆಯಲ್ಲ. ಅವರ ಸಹಿಯ ಬಗ್ಗೆ ಸಿಟ್ಟಿರುವವರು ಅವರ ಪುಸ್ತಕಗಳನ್ನು ಒಮ್ಮೆ ತೆರೆದು ನೋಡಬಹುದು. ತಮ್ಮ ವಾದಕ್ಕೆ ಬೇಕಾದ ಮಾತು ಅಲ್ಲೇ ಸಿಗುತ್ತದೆ.